ದೂರಿಲ್ಲವೆಂದು ಬರೆದ ಕಾಗದ

ಹೊಸಹಳ್ಳಿಯ ಆ ವಠಾರದಲ್ಲಿ ಮನೆಗಳು ಒಂಬತ್ತು, ನಲ್ಲಿ ಒಂದೇ. ನೀರಿನ ಸರದಿಗಾಗಿ ದಿನಾ ಬೆಳಗ್ಗೆ ಒಂದಿಲ್ಲೊಂದು ಜಗಳ ಇದ್ದದ್ದೇ. ಆ ಜಗಳದಲ್ಲಿ ಹದಿನಾಲ್ಕು ವರ್ಷಗಳಿಂದ ಒಮ್ಮೆಯೂ ದನಿ ಎತ್ತದವಳೆಂದರೆ ಮೂರನೇ ಮನೆಯ ಜಗದಾಂಬಾ. ಯಾರಾದರೂ ಅವಳ ಕೊಡ ಸರಿಸಿ ತಮ್ಮದನ್ನು ಮುಂದಿಟ್ಟರೆ ಸುಮ್ಮನೆ ನಿಂತು ಕಾಯುತ್ತಿದ್ದಳು. ಕೊಡ ಸರಿಸಿದವರಿಗೇ ಕೊನೆಗೆ ನಾಚಿಕೆಯಾಗಬೇಕು. ಅವಳು ಸಾಧು ಅಂತ ಕೆಲವರು, ಬೆಪ್ಪು ಅಂತ ಕೆಲವರು ಹೇಳುತ್ತಿದ್ದರು. ಎರಡೂ ಅವಳ ಕಿವಿಗೆ ಬಿದ್ದಿದ್ದವು.

ಅದು ಅತ್ತೆಯಿಂದ ಬಂದ ಪಾಠ. ಅತ್ತೆ ಬಸವ್ವ ರಾಣೆಬೆನ್ನೂರಿನ ಕಡೆಯವರು. ಬೆಳಗ್ಗೆ ಎದ್ದು ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಹನಿ ನೀರು ಕುಡಿದವರಲ್ಲ. ಕೊಟ್ಟದ್ದೂ ಶಿವ, ಕೊಡದಿದ್ದದ್ದೂ ಶಿವ. ಹೀಗಿರುವಾಗ ಸಾರಿನಲ್ಲಿ ಉಪ್ಪಿಲ್ಲ ಎನ್ನುವುದೂ ಅವರ ಲೆಕ್ಕದಲ್ಲಿ ಸಣ್ಣದೊಂದು ಶಿವನಿಂದೆ. ಸೊಸೆಯಾಗಿ ಬಂದ ಹೊಸದರಲ್ಲಿ ಜಗದಾಂಬಾಗೆ ಇದು ಕಷ್ಟವೆನಿಸಿತ್ತು. ಬರುಬರುತ್ತಾ ಅಭ್ಯಾಸವಾಯಿತು, ಆಮೇಲೆ ಹಿತವೂ ಆಯಿತು.

ಆ ಮನೆಯಲ್ಲಿ ದೂರುವವನು ಒಬ್ಬನೇ, ಅವಳ ಗಂಡ ಗುರುಬಸಪ್ಪ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಫೌಂಡ್ರಿಯಲ್ಲಿ ಅವನು ಮೋಲ್ಡಿಂಗ್ ಕೆಲಸ ಮಾಡುತ್ತಿದ್ದ. ಮರಳು ತುಂಬಿದ ಕಬ್ಬಿಣದ ಪೆಟ್ಟಿಗೆಗಳನ್ನು ಚೈನಿಗೆ ಸಿಕ್ಕಿಸಿ ಮೇಲೆತ್ತಿ ಸಾಗಿಸುವುದು, ಕಾದ ಲೋಹ ಸುರಿಯುವುದು. ಟೈಮ್ ಕೀಪರನ ಕಿಟಕಿಯ ಪಕ್ಕ ದಾರ ಕಟ್ಟಿ ನೇತುಹಾಕಿದ ಒಂದು ಕಂಪ್ಲೇಂಟ್ ಬುಕ್ ಇತ್ತು. ಸರ್ಕಾರದವರು ಬಂದಾಗ ತೋರಿಸಲು ಇಟ್ಟದ್ದು. ಅದರಲ್ಲಿ ನಿಜವಾಗಿ ಬರೆಯುತ್ತಿದ್ದವನು ಗುರುಬಸಪ್ಪ ಒಬ್ಬನೇ ಎಂದು ಜೊತೆಯವರು ಛೇಡಿಸುತ್ತಿದ್ದರು.

"ಇವತ್ತೂ ಬರದೆ ನೋಡು," ಎನ್ನುತ್ತಿದ್ದ, ಊಟಕ್ಕೆ ಕೂತಾಗ. "ಚೈನಿನ ಕೊಂಡಿ ಬಾಯಿ ಬಿಟ್ಟೈತಿ, ಬದಲಿ ಮಾಡಬೇಕು ಅಂತ."

"ಓದ್ತಾರೇನ್ರಿ ಯಾರಾರ?"

"ಓದ್ಲಿ ಬಿಡ್ಲಿ. ಪುಸ್ತಕ ಇಟ್ಟಾರಂದ್ರ ಬರೀಲಿಕ್ಕೇ ಅಲ್ಲೇನು?"

ಬಸವ್ವ ಒಳಗಿನಿಂದಲೇ, "ಒಂದು ಕೊಂಡಿ ಸಲುವಾಗಿ ಎಷ್ಟು ಸಲ ಗೊಣಗತೀಯೋ, ಉಣ್ಣು," ಎನ್ನುತ್ತಿದ್ದರು. ಅವನು ನಕ್ಕು ಉಣ್ಣುತ್ತಿದ್ದ.

೧೯೭೪ರ ಆಷಾಢದ ಒಂದು ಮಂಗಳವಾರ, ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತಿಗೆ, ಆ ಕೊಂಡಿ ಬಿಚ್ಚಿಕೊಂಡಿತು. ಪೆಟ್ಟಿಗೆ ಅವನ ಮೇಲೆ ಬಿತ್ತು. ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಮನೆಗೆ ತಂದಾಗ ವಠಾರದ ಹೆಂಗಸರೆಲ್ಲ ಬಾಯಿಬಿಟ್ಟು ಅಳತೊಡಗಿದರು. ಬಸವ್ವ ಎದ್ದು ನಿಂತು ಕೈ ಅಡ್ಡ ಹಿಡಿದರು. "ಯಾರೂ ಅಳಬ್ಯಾಡ್ರವ್ವ. ಲಿಂಗದಾಗ ಕೂಡಿದವಗ ಅಳಬಾರದು. ಹಾಡ್ರಿ." ಮಗನ ಹಣೆಗೆ ವಿಭೂತಿ ಬಳಿದವರೂ ಅವರೇ. ಅವನನ್ನು ಕೂರಿಸಿ, ಹೂವು ಪತ್ರೆ ಏರಿಸಿ, ಭಜನೆ ಹೇಳುತ್ತಾ ರುದ್ರಭೂಮಿಗೆ ಒಯ್ದರು. ಜಗದಾಂಬಾ ಇಬ್ಬರು ಹೆಣ್ಣುಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳೂ ಅಳಲಿಲ್ಲ.

ಅಲ್ಲಿಗೆ ಫೌಂಡ್ರಿಯ ಪರ್ಸನೆಲ್ ಆಫೀಸರ್ ಗೋಪೀನಾಥ ಬಂದಿದ್ದರು. ದೊಡ್ಡ ಹಾರ ತಂದಿದ್ದರು. ಕೆಟ್ಟ ಮನುಷ್ಯರಲ್ಲ. ಇಂಥ ಸಾವಿಗೆ ಎಷ್ಟೋ ಮನೆಯವರು ಕಲ್ಲು ಎತ್ತಿಕೊಳ್ಳುವುದನ್ನು ಕಂಡಿದ್ದವರು. ಇಲ್ಲಿ ತಾಯಿಯೂ ಹೆಂಡತಿಯೂ ಒಣಗಣ್ಣಲ್ಲಿ ನಿಂತದ್ದು ನೋಡಿ ಅವರ ಮನಸ್ಸು ಹಗುರಾಗಿರಬೇಕು. ಎಲ್ಲ ಮುಗಿದು ಮಣ್ಣು ಹಾಕಿದ ಮೇಲೆ ಬಸವ್ವನ ಬಳಿ ಬಂದು ಮೆಲ್ಲಗೆ ಕೇಳಿದರು:

"ಅಮ್ಮಾ, ನಿಮ್ಮದೇನಾದ್ರೂ ಕಂಪ್ಲೇಂಟ್ ಇದ್ಯಾ?"

ಬಸವ್ವ ಆ ಪದ ಕೇಳಿದ್ದರು. ಮಗ ದಿನಾ ಹೇಳುತ್ತಿದ್ದ ಪದ. "ಏನೈತಪ್ಪ ನಂದು ಕಂಪ್ಲೇಂಟು," ಎಂದರು. "ಶಿವ ಕೊಟ್ಟಿದ್ದ, ಶಿವ ಒಯ್ದ. ಯಾರ ಮ್ಯಾಲೂ ನಮ್ಮದೇನೂ ತಕರಾರಿಲ್ಲ."

ಗೋಪೀನಾಥ ಕೈ ಮುಗಿದರು. ಸುತ್ತ ನಿಂತವರೆಲ್ಲ ತಲೆದೂಗಿದರು. ಎಂಥಾ ಭಕ್ತಿ, ಎಂಥಾ ಗಟ್ಟಿ ಜೀವ ಎಂದು ಮಾತಾಡಿಕೊಂಡೇ ಮನೆಗೆ ಹೋದರು.

ಸತ್ತವನ ಹೆಸರಿನಲ್ಲಿ ಜಂಗಮರಿಗೆ ಉಣಬಡಿಸುವ ಗಣಾರಾಧನೆ ಮುಗಿದ ಮರುದಿನ ಗೋಪೀನಾಥ ಮತ್ತೆ ಬಂದರು, ಕೈಯಲ್ಲೊಂದು ಕಂದು ಕವರು. ಬೆಲ್ಲದ ನೀರು ಕುಡಿದು, ಮಕ್ಕಳ ಹೆಸರು ಕೇಳಿ, ಕವರಿನಿಂದ ಟೈಪು ಮಾಡಿದ ಇಂಗ್ಲಿಷ್ ಕಾಗದ ತೆಗೆದರು.

"ನೋಡೀಮ್ಮ, ಇದು ಬರೀ ಫಾರ್ಮಾಲಿಟಿ. ದೊಡ್ಡಮ್ಮ ಆವತ್ತು ಹೇಳಿದ್ದನ್ನೇ ಬರೆಸಿದೀವಿ. ಅವರ ಹೆಬ್ಬೆಟ್ಟು, ನಿಮ್ಮ ಸೈನು. ಆಮೇಲೆ ನಿಮಗೆ ಕೋರ್ ಶಾಪಲ್ಲಿ ಕೆಲಸ ಕೊಡ್ತೀವಿ. ಹೆಂಗಸರೇ ಇದಾರೆ ಅಲ್ಲಿ, ಮರಳಿನ ಅಚ್ಚು ಮಾಡೋದು, ನೆರಳಲ್ಲಿ ಕೂತು ಮಾಡೋ ಕೆಲಸ."

"ಓದಿಸಿ ಸೈನ್ ಮಾಡ್ಲಾ ಸಾರ್?" ಎಂದಳು ಜಗದಾಂಬಾ. ಏಳನೇ ಕ್ಲಾಸಿನವರೆಗೆ ಕನ್ನಡ ಓದಿದ್ದಳು, ಇಂಗ್ಲಿಷ್ ಬರುತ್ತಿರಲಿಲ್ಲ.

ಗೋಪೀನಾಥ ಬಿಚ್ಚಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು. "ಓದ್ಸಿ, ಅದಕ್ಕೇನು. ಸೋಮವಾರ ಬರ್ತೀನಿ."

ಬಸವ್ವನಿಗೆ ಅದು ಸರಿಬರಲಿಲ್ಲ. ಗೋಪೀನಾಥ ಹೊರಟ ಮೇಲೆ, "ಓದಿಸೋದು ಏನೈತಿ? ನಾ ಆಡಿದ್ದ ಮಾತು. ಮಗನ್ನ ಮಣ್ಣಿಗಿಟ್ಟು ಆಡಿದ್ದು. ತಿರುಗಿ ಇಲ್ಲ ಅನ್ನಾಕ ಬರ್ತದೇನು?" ಎಂದರು. ಜಗದಾಂಬಾ ಕಾಗದವನ್ನು ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ಕೆಲಸ ಬೇಕಿತ್ತು. ಇಬ್ಬರು ಮಕ್ಕಳು ಶಾಲೆಯಲ್ಲಿದ್ದರು. ಸೈನ್ ಮಾಡುವುದೇ ಎಂದು ಆ ಸಂಜೆ ಅವಳ ಮನಸ್ಸೂ ಹೇಳಿತ್ತು.

ಶನಿವಾರ ಮುನಿವೆಂಕಟಪ್ಪ ಬಂದ. ಗುರುಬಸಪ್ಪನ ಜೊತೆ ಒಂದೇ ಪಾಳಿಯಲ್ಲಿದ್ದವನು, ಹೆಗ್ಗನಹಳ್ಳಿಯವನು, ಸದಾ ತಮಾಷೆ ಮಾಡುವವನು. ಬಾಗಿಲಲ್ಲೇ ಕೂತು ಚಪ್ಪಲಿಯ ಬಾರನ್ನು ಎಳೆಯುತ್ತಿದ್ದ.

"ಏನಣ್ಣ, ಇವತ್ತು ಒಂದು ನಗೂ ಇಲ್ಲ," ಎಂದಳು ಜಗದಾಂಬಾ.

"ನಗ್ಸೋನು ನಾನು, ನಗೋನು ಅವ್ನು ಕಣಕ್ಕ. ಕಂಪ್ಲೇಂಟ್ ಬುಕ್ ಸಾಹುಕಾರ ಅಂತಿದ್ವಿ ಅವನ್ನ." ಅವನು ತಲೆ ತಗ್ಗಿಸಿದ. "ಅಕ್ಕ, ನೀವು ಸೈನ್ ಹಾಕ್ತೀರಂತೆ. ಹಾಕಿ, ನಾನು ಬೇಡ ಅನ್ನಲ್ಲ. ನಿಮ್ಮ ಕಷ್ಟ ನಿಮ್ಗೆ. ಒಂದು ಮಾತು ಹೇಳೋಗೋಣ ಅಂತ ಬಂದೆ. ಆ ಚೈನು ಬದಲಾಯ್ಸಿಲ್ಲ."

"ಅಂದ್ರೆ?"

"ಬಿಟ್ಟೋದ ಕೊಂಡಿ ತೆಗ್ದು ತಂತಿ ಸುತ್ತಿ ಕಟ್ಟವ್ರೆ. ಅದ್ರಲ್ಲೇ ಎತ್ತಾ ಇದೀವಿ. ಅವ್ನು ನಿಲ್ಲೋ ಜಾಗದಲ್ಲಿ ಈಗ ನಾನು ನಿಲ್ತೀನಿ. ಅವ್ನು ಬರೆದಿದ್ದ ಬುಕ್ ಕಿತ್ತು ಸ್ಟೋರಿಗೆ ಹಾಕವ್ರೆ, ಹೊಸಾದು ನೇತಾಕವ್ರೆ. ಅದ್ರಲ್ಲಿ ಒಂದಕ್ಷರಾನೂ ಇಲ್ಲ. ಯಾರು ಬರೀತಾರೆ?"

"ನೀವು ಬರೀಬಹುದಲ್ಲ."

"ನಂಗೆ ಬರೆಯೋಕೆ ಬಂದಿದ್ರೆ ಫೌಂಡ್ರೀಲಿ ಯಾಕಕ್ಕ ಇರ್ತಿದ್ದೆ," ಎಂದ. ಅದು ಅವನ ಹಳೆಯ ತಮಾಷೆ. ಇಬ್ಬರಿಗೂ ನಗು ಬರಲಿಲ್ಲ.

ಭಾನುವಾರ ಬೆಳಗ್ಗೆ ಜಗದಾಂಬಾ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಸೇತುರಾಮ ಮೇಷ್ಟರ ಮನೆಗೆ ಹೋದಳು. ಮೇಷ್ಟರು ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಎರಡು ಬೀದಿ ಆಚೆ ಸ್ವಂತ ಮನೆ ಕಟ್ಟಿದ್ದರು. ವಠಾರದ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಅಲ್ಲಿಗೇ ಓಡುವುದು. ಅವರು ಕನ್ನಡಕ ಒರೆಸಿ ಎರಡು ಸಲ ಓದಿದರು.

"ಕೂತ್ಕೊಳಮ್ಮ. ಇದರಲ್ಲಿ ಎರಡು ಮಾತಿದೆ. ಒಂದು, ಅಪಘಾತ ಆಗಿದ್ದು ನಿನ್ನ ಯಜಮಾನರ ಅಜಾಗರೂಕತೆಯಿಂದ ಅಂತ. ಎರಡು, ಯಾರ ಮೇಲೂ ಯಾವ ರೀತಿಯ ಕಂಪ್ಲೇಂಟೂ ನಮಗಿಲ್ಲ, ಮುಂದೆಯೂ ಇರಲ್ಲ ಅಂತ."

ಮೊದಲನೆಯದು ಅವಳಿಗೆ ಚೂರಿಯಂತೆ ತಾಗಿತು. ಆ ಮಾತು ಅತ್ತೆ ಆಡಿರಲಿಲ್ಲ. ಆದರೆ ಎರಡನೆಯದು? ಅದನ್ನು ಆಡಿದ್ದರು, ಊರೆಲ್ಲ ಕೇಳಿತ್ತು. ಅವಳು ಕೇಳಿದಳು: "ಮೇಷ್ಟ್ರೇ, ಕಂಪ್ಲೇಂಟ್ ಅಂದ್ರೆ ಸರಿಯಾಗಿ ಏನು? ನಮ್ಮತ್ತೆ ಅದು ದೇವರ ಮೇಲೆ ದೂರು ಹೇಳ್ದಂಗೆ ಅಂತಾರೆ. ಪಾಪ ಅಂತಾರೆ. ನಮ್ಮನೆಯವ್ರು ಅದನ್ನೇ ದಿನಾ ಬರೀತಿದ್ರು. ಅವ್ರೂ ಪಾಪ ಮಾಡಿದ್ರಾ?"

ಮೇಷ್ಟರು ತಟಕ್ಕನೆ ಉತ್ತರ ಹೇಳುವವರಲ್ಲ. ಒಳಗೆ ಹೋಗಿ ರಟ್ಟು ಕಿತ್ತ, ಇಟ್ಟಿಗೆಯಷ್ಟು ದಪ್ಪದ ನಿಘಂಟು ತಂದರು. ಕಾಫಿ ಹಿಡಿದು ಬಂದ ಅವರ ಹೆಂಡತಿ ಜಲಜಾ, "ಆಯ್ತು ಬಿಡಿ. ಅರ್ಥ ಕೇಳಿದ್ರೆ ವಂಶಾವಳೀನೇ ಓದ್ತಾರೆ ಇವರು. ಕಾಫಿ ಆರೋಕೆ ಮುಂಚೆ ಕುಡಿಯಮ್ಮ," ಎಂದು ಅವಳ ಮುಂದೆ ಲೋಟ ಇಟ್ಟರು.

"ವಂಶಾವಳಿ ಗೊತ್ತಿಲ್ಲದೆ ಸಂಬಂಧ ಮಾಡ್ತೀವಾ ಜಲಜಾ? ಮಾತಿಗೂ ಹಾಗೇನೆ." ಮೇಷ್ಟರ ಬೆರಳು ಪುಟದ ಮೇಲೆ ಇಳಿಯುತ್ತಿತ್ತು. "ನೋಡಮ್ಮ, ಇದು ಇಂಗ್ಲಿಷಿನವರ ಸ್ವಂತ ಪದ ಅಲ್ಲ. ಫ್ರೆಂಚರಿಂದ ಬಂದದ್ದು. ಫ್ರೆಂಚರಿಗೆ ಲ್ಯಾಟಿನ್ನಿಂದ. ಲ್ಯಾಟಿನ್ ಅಂದ್ರೆ ಅವರ ಸಂಸ್ಕೃತ ಅಂದ್ಕೋ. ಅಲ್ಲಿ ಪ್ಲಾಂಗೆರೆ ಅಂತ ಒಂದು ಕ್ರಿಯಾಪದ. ಅದರ ಅರ್ಥ, ಬಡಿಯೋದು."

"ಹೊಡೆಯೋದಾ? ಯಾರಿಗೆ?"

"ಯಾರಿಗೂ ಅಲ್ಲ. ತನಗೇನೆ. ಎದೆ ಬಡ್ಕೊಳ್ಳೋದು. ತೀರಿಕೊಂಡವರ ಮುಂದೆ ಕೂತು ಎದೆ ಬಡ್ಕೊಂಡು ಅಳೋದು. ಅದರ ಮೊದಲಿಗೆ ಒಂದು ಕಂ ಸೇರ್ಸಿದಾರೆ, ಪೂರ್ತಿಯಾಗಿ ಅಂತ. ಆಮೇಲೆ ಬರೀ ಗೋಳಾಡೋದಕ್ಕೆ ಆ ಪದ ಬಂತು. ಆಮೇಲೆ ನೋವಿದೆ ಅಂತ ಇನ್ನೊಬ್ಬರಿಗೆ ಹೇಳ್ಕೊಳ್ಳೋದಕ್ಕೆ. ಡಾಕ್ಟರು ಇವತ್ತಿಗೂ ಏನು ಕಂಪ್ಲೇಂಟು ಅಂತ ಕೇಳ್ತಾರಲ್ಲ, ಅದು ಆ ಕಾಲದ್ದು. ಕಟ್ಟಕಡೇಲಿ ಕೋರ್ಟು ಕಚೇರಿಯವರು ಅದನ್ನ ಕಾಗದಕ್ಕೆ ಇಳಿಸಿದ್ರು. ನಾವು ಕೊನೆಗೆ ಹುಟ್ಟಿದ ಮಗುವನ್ನಷ್ಟೇ ನೋಡಿ, ಮನೆಯವರೆಲ್ಲ ಜಗಳಗಂಟರು ಅಂದ್ಕೊಂಡಿದೀವಿ."

ಜಗದಾಂಬಾ ಕಾಫಿಯ ಲೋಟ ಕೆಳಗಿಟ್ಟಳು. "ಅಂದ್ರೆ, ಕಂಪ್ಲೇಂಟ್ ಇಲ್ಲ ಅಂತ ಬರ್ಕೊಟ್ರೆ..."

"ಬೇರಿನ ಅರ್ಥ ಹಿಡಿದ್ರೆ, ಅವರಿಗಾಗಿ ನಾವು ಅತ್ತಿಲ್ಲ, ಮುಂದೆಯೂ ಅಳಲ್ಲ ಅಂತ ಬರ್ಕೊಟ್ಟ ಹಾಗೆ." ಮೇಷ್ಟರು ನಿಘಂಟು ಮುಚ್ಚಿದರು. "ಆದರೆ ಕಚೇರಿಯಲ್ಲಿ ಬೇರು ನಡೆಯಲ್ಲಮ್ಮ, ಹಣ್ಣು ನಡೆಯೋದು. ಸೈನ್ ಹಾಕಿದ್ರೆ ಕೆಲಸ ಸಿಗತ್ತೆ. ಹಾಕದಿದ್ರೆ ಸಿಗಲ್ಲ. ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಅರ್ಜಿ ಕೊಟ್ರೆ ವಿಚಾರಣೆ ಆಗತ್ತೆ. ಎಷ್ಟು ದಿನವೋ ಹೇಳೋಕಾಗಲ್ಲ. ನಾನು ಸೈನ್ ಮಾಡು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಅರ್ಜಿ ಬರೆಯೋದಾದ್ರೆ ಬರ್ಕೊಡ್ತೀನಿ."

ಮನೆಗೆ ಬಂದಾಗ ಬಸವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಜಗದಾಂಬಾ ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆ ಮಾಡಿಕೊಡುತ್ತಾ, ಮೇಷ್ಟರು ಹೇಳಿದ್ದನ್ನೂ ಮುನಿವೆಂಕಟಪ್ಪ ಹೇಳಿದ್ದನ್ನೂ ಒಂದೊಂದಾಗಿ ಹೇಳಿದಳು. ಅಜಾಗರೂಕತೆಯ ಮಾತು ಬಂದಾಗ ಬಸವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಲಾಗುವ ವಾಸನೆ ಬಂತು. ಜಗದಾಂಬಾ ಕೈ ಚಾಚಿ ಅದನ್ನು ತೆಗೆದಳು.

"ನಿಮ್ಮ ಮಾವ ಹ್ವಾದಾಗ," ಎಂದರು ಬಸವ್ವ, "ನಾ ಎದಿ ಬಡಕೊಂಡಿದ್ದೆ. ಇಪ್ಪತ್ತೆರಡು ವರ್ಷದಾಕಿ. ಮಠದ ಅಯ್ನಾರು ಬಂದು ಕೈ ಹಿಡದು, ಶಿವನ ಮ್ಯಾಲ ಸಿಟ್ಟು ಮಾಡ್ಕೊಂತೀ ಏನವ್ವ, ಅಂದ್ರು. ಆವತ್ತು ಇಳಿಸಿದ ಕೈ."

"ಅತ್ತೀ, ಚೈನಿನ ಮ್ಯಾಲ ಸಿಟ್ಟಾದ್ರ ಶಿವನ ಮ್ಯಾಲ ಸಿಟ್ಟಾದಂಗೇನು?"

"ಚೈನು ಶಿವ ಮಾಡಿದ್ದಲ್ಲ." ಅವರು ಒಲೆಗೆ ಒಂದು ಸೌದೆ ದೂಡಿದರು. "ಆದ್ರ ನಾ ಆಡಿದ ಮಾತು? ಯಾರ ಮ್ಯಾಲೂ ತಕರಾರಿಲ್ಲ ಅಂದೆನಲ್ಲ."

"ನೀವು ಶಿವನ ಸುದ್ದಿ ಆಡಿದ್ರಿ. ಅವ್ರು ಚೈನಿನ ಸುದ್ದಿ ಬರಕೊಂಡ್ರು."

ಬಸವ್ವ ಇನ್ನೆರಡು ರೊಟ್ಟಿ ತಟ್ಟಿದರು. ಆಮೇಲೆ ಕೈ ತೊಳೆದು, ಜಗುಲಿಯ ಮುಂದೆ ಕೂತು, ಅಂಗೈಯಲ್ಲಿ ಲಿಂಗ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದರು. ಅದು ಪೂಜೆಯ ಹೊತ್ತಾಗಿರಲಿಲ್ಲ. ಎದ್ದು ಬಂದು, "ನಿನಗ ಕೆಲಸ ತಪ್ತದಲ್ಲ," ಎಂದರು.

"ತಪ್ತದ."

"ಹೆಂಗ ಮಾಡತೀ?"

"ಗೊತ್ತಿಲ್ಲ ಅತ್ತೀ. ಆದ್ರ ಆ ಅಜಾಗರೂಕತೆ ಅನ್ನೋದರ ಕೆಳಗ ನನ್ನ ಕೈಲಿ ಹೆಸರು ಬರಿಯೋದು ಆಗಂಗಿಲ್ಲ. ಮುನಿವೆಂಕಟಪ್ಪಣ್ಣನ ಮನ್ಯಾಗೂ ಹೆಂಡ್ತಿ ಅದಾಳ."

"ಹಂಗಾದ್ರ ನಾ ಆಡಿದ್ದನ್ನ ನಾನೇ ಹೋಗಿ ಬಿಡಿಸಿ ಹೇಳತೀನಿ. ಎಲ್ಲಿ ಹೇಳಬೇಕೋ ಅಲ್ಲಿಗೆ ಕರಕೊಂಡು ಹೋಗು."

ಸೋಮವಾರ ಗೋಪೀನಾಥ ಬಂದಾಗ ಜಗದಾಂಬಾ ಕಾಗದವನ್ನು ಅದೇ ಕವರಿನಲ್ಲಿಟ್ಟು ಹಿಂದಕ್ಕೆ ಕೊಟ್ಟಳು. ಅವರಿಗೆ ಸಿಟ್ಟು ಬರಲಿಲ್ಲ, ಬೇಸರವಾಯಿತು. "ಯಾರೋ ಏನೋ ತಲೆಗೆ ತುಂಬಿದಾರೆ. ದೊಡ್ಡಮ್ಮ ಅಷ್ಟು ದೊಡ್ಡ ಮಾತು ಹೇಳಿದ್ರು ಆವತ್ತು, ಅದನ್ನ ಹಾಳು ಮಾಡ್ತಾ ಇದೀರ," ಎಂದರು. ಕೋರ್ ಶಾಪಿನ ಮಾತು ಮತ್ತೆ ಎತ್ತಲಿಲ್ಲ.

ಮೇಷ್ಟರು ಬರೆದುಕೊಟ್ಟ ಅರ್ಜಿ ಹೋಯಿತು. ವಠಾರದಲ್ಲಿ ಮಾತು ತಿರುಗಿತು. ಅಳದೆ ನಿಂತಾಗ ಹೊಗಳಿದ್ದವರೇ, ದುಡ್ಡಿನ ಆಸೆಗೆ ಬಿದ್ದು ದೂರು ಕೊಟ್ಟಿದ್ದಾರೆ ಎಂದರು. ಜಗದಾಂಬಾ ನಲ್ಲಿಯ ಬಳಿ ಮೊದಲಿನಂತೆಯೇ ಕಾಯುತ್ತಿದ್ದಳು. ಬೆಳಗಿನ ಕೆಲಸ ಮುಗಿಸಿ ಅತ್ತೆ ಸೊಸೆ ಜೋಳದ ರೊಟ್ಟಿ ಮಾಡಿ, ರಾಜಾಜಿನಗರದಲ್ಲಿ ರೂಮು ಮಾಡಿಕೊಂಡಿದ್ದ ಹುಬ್ಬಳ್ಳಿ ಧಾರವಾಡದ ಕಡೆಯ ನೌಕರರಿಗೆ ಕೊಡತೊಡಗಿದರು. ಬುಟ್ಟಿ ಹೊತ್ತು ಭಾಷ್ಯಂ ಸರ್ಕಲ್‌ವರೆಗೆ ನಡೆಯುವುದು ಅವಳ ಪಾಲಿಗೆ ಬಂತು. ಮುಂದೆ ಇಪ್ಪತ್ತು ವರ್ಷ ಅವಳ ಮನೆ ನಡೆದದ್ದು ಆ ರೊಟ್ಟಿಯಿಂದಲೇ. ವಿಚಾರಣೆಯ ನೋಟೀಸು ಫೌಂಡ್ರಿಗೆ ಮುಟ್ಟಿದ ವಾರವೇ ತಂತಿ ಕಟ್ಟಿದ ಚೈನನ್ನು ಇಳಿಸಿ ಹೊಸದು ಹಾಕಿದರು. ಹಾಗೆಂದು ಮುನಿವೆಂಕಟಪ್ಪ ಬಂದು ಹೇಳಿ, ಒಂದು ರೊಟ್ಟಿ ತಿಂದು ಹೋದ.

ವಿಚಾರಣೆ ನಡೆದದ್ದು ಗುರುಬಸಪ್ಪ ಸತ್ತ ಎಂಟು ತಿಂಗಳ ಮೇಲೆ, ಫೌಂಡ್ರಿಯ ಆಫೀಸಿನಲ್ಲಿ. ಮುನಿವೆಂಕಟಪ್ಪ ಎಲ್ಲಿದೆಯೆಂದು ತೋರಿಸಿದ್ದರಿಂದ ಸ್ಟೋರಿನ ಅಟ್ಟದಿಂದ ಹಳೆಯ ಪುಸ್ತಕ ಇಳಿದಿತ್ತು. ಅದರಲ್ಲಿ ಮೂರು ಕಡೆ, ಮೂರು ತಾರೀಖಿನಲ್ಲಿ, ಗುರುಬಸಪ್ಪನ ದುಂಡು ಅಕ್ಷರ. ಇನ್ಸ್‌ಪೆಕ್ಟರು ವಯಸ್ಸಾದವರು. ಅವುಗಳನ್ನು ಗಟ್ಟಿಯಾಗಿ ಓದಿದರು. ಗೋಪೀನಾಥ ಕಿಟಕಿಯ ಕಡೆ ನೋಡುತ್ತಿದ್ದರು. ಜಗದಾಂಬಾ ಆ ವಾಕ್ಯಗಳನ್ನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಕೇಳಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳುತ್ತಿದ್ದದ್ದು ಇದೇ ಮೊದಲು.

"ದೊಡ್ಡಮ್ಮಾ, ಯಾರ ಮೇಲೂ ಕಂಪ್ಲೇಂಟ್ ಇಲ್ಲ ಅಂತ ನೀವು ಹೇಳಿದ್ರಿ ಅಂತಾರೆ. ಹೌದಾ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ಅಂದದ್ದು ಖರೇ," ಎಂದರು ಬಸವ್ವ. "ಶಿವನ ಮ್ಯಾಲ ನನಗ ತಕರಾರಿಲ್ಲ. ಇವತ್ತೂ ಇಲ್ಲ. ಚೈನಿನ ಮ್ಯಾಲ ಐತಿ."

"ಚೈನಿನ ಮೇಲೆ ಅಂದ್ರೆ, ಯಾರ ಮೇಲೆ?"

"ಅವ ಬರದದ್ದನ್ನ ಓದದವ್ರ ಮ್ಯಾಲ. ಓದೂದು ಬರತಿತ್ತಲ್ಲ ಅವರಿಗೆ."

ಇನ್ಸ್‌ಪೆಕ್ಟರು ಅದನ್ನು ಹಾಗೆಯೇ ಕನ್ನಡದಲ್ಲಿ ಬರೆದುಕೊಂಡು ಓದಿ ಹೇಳಿದರು. ಬಸವ್ವ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ಜಗದಾಂಬಾ ತನ್ನ ಹೆಸರು ಬರೆದಳು. ಫೌಂಡ್ರಿಯವರು ಅಪಘಾತದ ವರದಿಯಲ್ಲೂ ಬರೆದಿದ್ದ ಅಜಾಗರೂಕತೆ ಎಂಬ ಮಾತನ್ನು ತೆಗೆಸುವುದಾಗಿ ಇನ್ಸ್‌ಪೆಕ್ಟರು ಅಲ್ಲಿಯೇ ತಿಳಿಸಿದರು.

ಹೊರಗೆ ಬಿಸಿಲು ಚುರುಕಾಗಿತ್ತು. ಇಬ್ಬರೂ ಬಸ್ ಸ್ಟಾಪಿನ ತನಕ ನಡೆದರು. ಅಲ್ಲಿನ ಮೋರಿಯ ಕಟ್ಟೆ ಕಂಡು ಬಸವ್ವ, "ಕುಂದರ್ತೀನಿ ತಡಿ," ಎಂದರು. ಕೂತವರು ಸೆರಗಿನಿಂದ ಹೆಬ್ಬೆರಳಿನ ಮಸಿ ಒರೆಸುತ್ತಿದ್ದರು. ಮಸಿ ಹೋಗಲಿಲ್ಲ. ಒರೆಸುತ್ತಾ ಒರೆಸುತ್ತಾ ಅವರ ಬಾಯಿಂದ ಒಂದು ದನಿ ಹೊರಟಿತು. ಕೈ ಮೇಲೆದ್ದು ಎದೆಗೆ ಬಡಿಯಿತು. ಮತ್ತೆ ಬಡಿಯಿತು. "ಗುರುಬಸೂ, ನನ್ನಪ್ಪ," ಎಂದು ಕೂಗಿ ಅತ್ತರು.

ಹಾದಿಹೋಕರು ನಿಂತು ನೋಡಿದರು. ಅತ್ತೆಯ ಕೈ ಹಿಡಿಯಲು ಜಗದಾಂಬಾಳ ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲೇ ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು, ಅತ್ತೆಯ ಕೈಯಿಂದ ಜಾರಿದ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಮಾಗಡಿ ರಸ್ತೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ಮೆಟ್ಟಿಲಿಂದ ಬಗ್ಗಿ, "ಏನಮ್ಮಾ, ಏನಾಯ್ತು ಅಜ್ಜಿಗೆ? ಹುಷಾರಿಲ್ವಾ?" ಎಂದ.

"ಮಗ ಹೋದ್ರು ಸಾರ್. ಅದಕ್ಕೆ ಅಳ್ತಿದಾರೆ."

"ಅಯ್ಯೋ. ಯಾವಾಗಮ್ಮ?"

"ಎಂಟು ತಿಂಗಳಾಯ್ತು."

ಬಸ್ಸಿನೊಳಗಿಂದ ಯಾರೋ, "ಸೀಟಿ ಊದ್ರೀ, ಹೊತ್ತಾಯ್ತು," ಎಂದು ಕೂಗಿದರು. ಕಂಡಕ್ಟರು ಸೀಟಿಯನ್ನು ಊದದೆ ಕೈಯಲ್ಲೇ ಹಿಡಿದು, ಆ ಮುದುಕಿಯ ಅಳು ಉಸಿರೆಳೆಯಲು ಒಮ್ಮೆ ನಿಲ್ಲುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದ.